ಬಿಳಿ ಹಲ್ಲಿನ ಬಹುಮಾನ

ವ್ಯಾನು ದೇವದುರ್ಗ ದಾಟಿದಾಗಿನಿಂದ ಗುಲಾಮ್ ದಸ್ತಗೀರ್ ನಾಲಿಗೆಯ ತುದಿಯಿಂದ ತನ್ನ ಹಲ್ಲುಗಳನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಕೂತಿದ್ದ. ಹೇಳಬೇಕಾಗಿದ್ದ ಮಾತು ಒಂದೇ. ಬೆಳಿಗ್ಗೆ ರಾಯಚೂರಿನ ಮನೆಯಲ್ಲಿ ಮುಖ ತೊಳೆಯುವಾಗ ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿದ್ದ, ದಾರಿಯಲ್ಲಿ ಚಹಕ್ಕೆ ನಿಂತಾಗ ಮತ್ತೆ ಹೇಳಿ ನೋಡಿದ್ದ: ಮಕ್ಕಳ, ನಿಮ್ಮ ಹಲ್ಲು ಕಂದಾಗಿರೋದು ನಿಮ್ಮ ತಪ್ಪಲ್ಲ, ಅದು ಬೋರಿಂಗಿನ ನೀರಿಂದ ಆಗಿದ್ದು, ಹೋದ ಸಲ ನಾನು ಹೇಳಿದ್ದು ಸುಳ್ಳು. ಇಷ್ಟೇ. ಆದರೆ 'ಸುಳ್ಳು' ಎಂಬಲ್ಲಿಗೆ ಬರುತ್ತಲೇ ನಾಲಿಗೆ ಹಿಂದಕ್ಕೆ ಸರಿಯುತ್ತಿತ್ತು. ಸುಳ್ಳು ಅನ್ನುವ ಬದಲು ತಪ್ಪು ತಿಳಿವಳಿಕೆ ಅಂದರಾಯಿತು ಎಂದು ಸಮಾಧಾನ ಹೇಳಿಕೊಂಡ. ಸರಕಾರದ ಉಪ್ಪು ತಿಂದವನಿಗೆ ಆ ಜಾತಿಯ ಶಬ್ದಗಳಿಗೇನು ಬರ. ಹೆಂಡತಿ ಖಾಸಿಂ ಬೀ ರೊಟ್ಟಿ ಕಟ್ಟಿಕೊಡುತ್ತ, "ಕಾಯ್ಕು ಜೀ, ಸುಬೂ ಸುಬೂ ಮೂಂ ಲಟಕಾಕು ಬೈಠೆ?" ಎಂದು ಕೇಳಿದ್ದಳು. ಬೆಳ್ಳಂಬೆಳಗ್ಗೆ ಮುಖ ಯಾಕೆ ಜೋತುಬಿದ್ದಿದೆ ಎಂದರೆ ಅವನಾದರೂ ಏನೆಂದಾನು, ಏನಿಲ್ಲ ಎಂದಿದ್ದ. ಮುಂದಿನ ಸೀಟಿನಲ್ಲಿ ರಾಯಚೂರಿನ ಹತ್ತಿ ವ್ಯಾಪಾರಿ ವಿರೂಪಣ್ಣ, ಶಾಲೆ ಮಕ್ಕಳಿಗೆಂದು ಬ್ರಷ್ಷು ದಾನ ಮಾಡಿದ ಮಹಾರಾಯ, ತನ್ನ ಹೆಸರು ಕೊರೆಸಿದ ಸ್ಟೀಲಿನ ಚರಗಿಯನ್ನು, ಹೊಳೆಯುವ ಹೊಸ ತಂಬಿಗೆಯನ್ನು, ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಜಾಲಹಳ್ಳಿಯ ಆಚೆ, ಬೇಡ ನಾಯಕರ ದೊಡ್ಡಿಯೆಂಬ ಪುಟ್ಟ ಹಳ್ಳಿಯ ಶಾಲೆಯಲ್ಲಿ ಎಲ್ಲರಿಗಿಂತ ಚಂದದ ಹಲ್ಲಿನ ಮಗುವಿಗೆ ಇಂದು ಆ ಚರಗಿ. ಆರಿಸಬೇಕಾದವರು ಹಲ್ಲಿನ ಡಾಕ್ಟರು ಸಿದ್ದರಾಮಪ್ಪನವರು. ಅವರು ತಲೆನೋವೆಂದು ದೇವದುರ್ಗದ ಪ್ರವಾಸಿ ಮಂದಿರದಲ್ಲೇ ಇಳಿದುಬಿಟ್ಟಿದ್ದರು. "ನೀನs ಬಾಯಿ ನೋಡಿ ಒಂದು ಕೂಸನ್ನ ಆರಿಸಪ್ಪ, ದಸ್ತಗೀರ್. ಚರಗಿ ಕೊಡಾಕ ಡಾಕ್ಟರಕಿ ಬೇಕೇನು?" ಎಂದು ನಕ್ಕಿದ್ದರು.

ಕಿಟಕಿಯಾಚೆ ಬಂಡೆಗಳು, ಬಂಡೆಗಳ ನಡುವೆ ಜಾಲಿ, ಜಾಲಿಯ ನೆರಳಿಗೆ ತಲೆ ತಲೆ ಸೇರಿಸಿ ನಿಂತ ಕುರಿಗಳು. ಹೋದ ಸಲ ಬಂದಾಗಲೂ ಹೀಗೇ ಬಿಸಿಲಿತ್ತು, ಆದರೂ ಅವನು ಬಿಳಿ ಕೋಟು ತೆಗೆದಿರಲಿಲ್ಲ. ಆ ಕೋಟು ಹಾಕಿಕೊಂಡರೆ ಮಾನವಿ ಕಡೆಯ ಶಾಲೆಗಳಲ್ಲಿ, ಮಲ್ಲಟದಲ್ಲಿ, ಮಕ್ಕಳು ಎದ್ದುನಿಂತು "ನಮಸ್ಕಾರ ಡಾಕ್ಟರ್ ಸಾಬ್" ಎನ್ನುತ್ತಿದ್ದವು. ನಾನು ಡಾಕ್ಟರಲ್ಲ, ಡಾಕ್ಟರ ಇಕ್ಕಳ ತೊಳೆಯುವವನು ಎಂದು ಅವನು ತಿದ್ದುತ್ತಿರಲಿಲ್ಲ. ತಿದ್ದಿದರೆ ಯಾರ ಗಂಟು ಹೋಗುತ್ತಿತ್ತೋ ಬೇರೆ ಮಾತು, ಅವನದಂತೂ ಹೋಗುತ್ತಿತ್ತು. ಆ ದಿನ ದೊಡ್ಡಿಯ ಶಾಲೆಯ ಕಟ್ಟೆಯ ಮೇಲೆ ನಿಂತು, ಸುಣ್ಣದ ದೊಡ್ಡ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದು, ಉಜ್ಜುವುದು ಹೇಗೆಂದು ತೋರಿಸುತ್ತಿದ್ದಾಗ ಹಿಂದೆ ನಿಂತ ಹಿರಿಯರ ನಡುವಿನಿಂದ ಒಬ್ಬ ಮುದುಕ ಖುಷಿಯಿಂದ ಕೂಗಿಬಿಟ್ಟ: "ಏ, ಗುರುತು ಸಿಕ್ತ ನೋಡ್ರಿ! ನೀವು ರಾಯಚೂರಿನ ತೀನ್ ಕಂದೀಲಿನಾಗ ರಸ್ತಾದ ಮ್ಯಾಲೆ ಕುಂದ್ರತಿದ್ದ ಹಲ್ಲು ಕೀಳೋ ಸಾಬನ ಮಗ ಅಲ್ರಿ? ನನ್ನ ದವಡಿ ಹಲ್ಲು ಅವನs ಕಿತ್ತಿದ್ದ. ಭಾಳ ಹಗೂರ ಕೈ ಅವಂದು!" ಮುದುಕನ ಹೆಸರು ಮಾಳಿಂಗಪ್ಪ. ಹೊಗಳಬೇಕೆಂದೇ ಹೊಗಳಿದ್ದ, ಪಾಪ. ಜನ ನಕ್ಕರು. ಅವರೂ ಕೆಟ್ಟದ್ದಕ್ಕೆ ನಗಲಿಲ್ಲ. ಆದರೆ ದಸ್ತಗೀರನ ಕಿವಿ ಕಾದ ಹೆಂಚಾದವು. ಮಣ್ಣ ಮೇಲೆ ಹಾಸಿದ ಕೆಂಪು ಬಟ್ಟೆ, ಅದರ ಮೇಲೆ ಗುಡ್ಡೆ ಹಾಕಿದ ಯಾರ ಯಾರದೋ ಹಲ್ಲು, ಶಾಲೆ ಬಿಟ್ಟು ಬರುವಾಗ ಗೆಳೆಯರಿಗೆ ಕಾಣದಂತೆ ಅಪ್ಪನನ್ನು ದಾಟಿ ಹೋಗಲು ಹುಡುಕುತ್ತಿದ್ದ ಅಡ್ಡದಾರಿ, ಎಲ್ಲವೂ ಬಿಳಿ ಕೋಟಿನೊಳಗೆ ಬಂದು ಕೂತವು. ಏನಾದರೂ ಮಾಡಿ ಆ ನಗೆಯನ್ನು ಬೇರೆ ಕಡೆ ತಿರುಗಿಸಬೇಕಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯನ್ನು ತೋಳು ಹಿಡಿದು ಎಬ್ಬಿಸಿ ಕಟ್ಟೆಗೆ ಹತ್ತಿಸಿದ. ಹೆಬ್ಬೆರಳಿಂದ ಅವಳ ಮೇಲ್ತುಟಿ ಎತ್ತಿ ಎಲ್ಲರ ಕಡೆ ತಿರುಗಿಸಿ ಹೇಳಿದ: "ನೋಡ್ರಿ. ಹಲ್ಲು ತಿಕ್ಕದ ಮೈಗಳ್ಳರ ಬಾಯಿ ಹಿಂಗ ಆಕ್ಕದ. ಜಂಗು, ತುಕ್ಕು ಹಿಡಿದ ಕುಡುಗೋಲು ಆದಂಗ."

ಆ ಹುಡುಗಿ ಮಾಳಿಂಗಪ್ಪನ ಮೊಮ್ಮಗಳೇ ಎಂದು ಅವನಿಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದನೇ? ಈ ಪ್ರಶ್ನೆಯನ್ನು ಅವನು ಎಷ್ಟೋ ಸಲ ಕೇಳಿಕೊಂಡಿದ್ದ, ಬಂದ ಉತ್ತರ ಅವನಿಗೆ ಹಿಡಿಸಿರಲಿಲ್ಲ. ಬೆರಳಿಗೆ ತಗಲಿದ ಅವಳ ತುಟಿಯ ಒಳಗಿನ ಹಸಿ ಬಿಸಿ, ಬಾಯಿಂದ ಬಂದ ಹಾಲುಜೋಳದ ವಾಸನೆ, ಮುಚ್ಚಲು ಹೋಗಿ ಮುಚ್ಚಲಾಗದೆ ಒದ್ದಾಡಿದ ದವಡೆ, ಇವೆಲ್ಲ ನೆನಪಾಗುವುದು ಊಟಕ್ಕೆ ಕೂತಾಗ. ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿ, ನಡುವೆ ಸುಣ್ಣದಂಥ ಚುಕ್ಕೆ. ಆ ಶಾಲೆಯ ಎಲ್ಲ ಮಕ್ಕಳಿಗೂ ಇತ್ತು, ಇವಳಿಗೆ ಎಲ್ಲರಿಗಿಂತ ದಟ್ಟವಾಗಿತ್ತು, ಅಷ್ಟೇ. ಹಿರಿಯರ ಹಲ್ಲು ಮಾತ್ರ ಸುಲಿದ ಬೆಳ್ಳುಳ್ಳಿಯಂತೆ ಬೆಳ್ಳಗಿದ್ದವು, ಹಾಗಾಗಿ ಅವರೂ ಹೌದು ಹೌದೆಂದು ಗೋಣು ಹಾಕಿದ್ದರು: ಈಗಿನ ಹುಡುಗರು ಬೇವಿನ ಕಡ್ಡಿ ಮುಟ್ಟಂಗಿಲ್ರಿ, ಎಲ್ಲಾ ಸೋಮಾರಿಗಳು. ಸಂಜೆ ತಿರುಗಿ ಹೋಗುವಾಗ ವ್ಯಾನಿನಲ್ಲಿ ಇದನ್ನೇ, ಆ ದಿನವೂ ಪ್ರವಾಸಿ ಮಂದಿರದಲ್ಲೇ ಉಳಿದಿದ್ದ ಡಾಕ್ಟರಿಗೆ ಹೆಮ್ಮೆಯಿಂದ ವರ್ಣಿಸಿದ. ಸಿದ್ದರಾಮಪ್ಪ ಸಿಗರೇಟಿನ ಬೂದಿ ಕೊಡವುತ್ತ, "ಅದು ಬ್ರಷ್ಷಿಗೆ ಹೋಗಂಗಿಲ್ಲಪ್ಪ. ಹುಟ್ಟಿದಾಗಿಂದ ಕುಡಿದ ನೀರಿನ ದೋಷ. ಹಲ್ಲಿನ ಒಳಗs ಇಳಿದಿರ್ತದ" ಎಂದರು. ಬರಗಾಲದ ವರ್ಷ ಕೊರೆದ ಬೋರಿಂಗು, ಅದರ ನೀರು ಕುಡಿದೇ ಈ ಮಕ್ಕಳು ಬೆಳೆದವು. ಹಾಗಾದರೆ ಜನಕ್ಕೆ ಹೇಳಬೇಕಲ್ರಿ ಸರ ಎಂದದ್ದಕ್ಕೆ, "ಏನಂತ ಹೇಳ್ತಿ? ಕುಡೀಬ್ಯಾಡ್ರಿ ಅಂತ? ಮತ್ತ ಹಳೇ ಬಾವಿಗೆ ಇಳಿಯೂಣು ಅಂತಾರ. ಅಲ್ಲಿ ನಾರುಹುಣ್ಣು. ಕಾಲಾಗಿಂದ ಹುಳ ಎಳೆದೂ ಎಳೆದೂ ಮಂದಿ ಕುಂಟಾಗಿದ್ದು ಮರತಿಯೇನು? ನೀರು ನಮ್ಮ ಖಾತೆಯಲ್ಲ. ನಮಗ ಕೊಟ್ಟದ್ದು ಬ್ರಷ್ಷು" ಎಂದು ಕಣ್ಣು ಮುಚ್ಚಿ ಒರಗಿದರು. ದಸ್ತಗೀರನನ್ನು ನೀರಿನ ಚಿಂತೆ ಡಾಕ್ಟರನ್ನು ಬಿಟ್ಟಷ್ಟು ಸುಲಭಕ್ಕೆ ಬಿಡಲಿಲ್ಲ, ಆದರೆ ಅದಕ್ಕಿಂತ ಹೆಚ್ಚಾಗಿ ಬಿಡದೆ ಕಾಡಿದ್ದು ಆ ತುಟಿ. ನೀರು ಬದಲಿಸುವುದು ತನ್ನ ಕೈಯಲ್ಲಿಲ್ಲ. ನಿನ್ನ ತಪ್ಪಲ್ಲವ್ವಾ ಎಂದು ಆ ಹುಡುಗಿಗೆ, ಅವಳನ್ನು ನೋಡಿ ನಕ್ಕವರ ಮುಂದೆಯೇ ಹೇಳುವುದು ತನ್ನ ಕೈಯಲ್ಲಿತ್ತು. ಅದನ್ನು ಇಂದು ಹೇಳಿಯೇ ಹೇಳುತ್ತೇನೆಂದು ಹೊರಟಿದ್ದ.

ಶಾಲೆಯೆಂದರೆ ಕಲ್ಲಿನ ಒಂದೇ ಕೋಣೆ, ಮುಂದೆ ಕಟ್ಟೆ, ಕಟ್ಟೆಯ ಎದುರು ಬೇವಿನ ಮರ, ಮರದ ಆಚೆ ಬೋರಿಂಗು. ಜಂಬಣ್ಣ ಮಾಸ್ತರು ಬಟ್ಟೆ ಹಾಸಿದ ಕುರ್ಚಿಯಲ್ಲಿ ವಿರೂಪಣ್ಣನವರನ್ನು ಕೂರಿಸಿ ಗಾಳಿ ಬೀಸಿದರು. ದಸ್ತಗೀರ್ ಕಟ್ಟೆಯ ಮೇಲೆ ನಿಂತು, "ಮಕ್ಕಳ" ಎಂದ. ಎದುರಿಗೆ ಕೂತ ಮಕ್ಕಳೆಲ್ಲ ಅವನನ್ನು ನೋಡಿದ್ದೇ ತಡ ಅಂಗೈಯಿಂದ ಬಾಯಿ ಮುಚ್ಚಿಕೊಂಡವು. ಮುಂದಿನ ಸಾಲುಗಳಲ್ಲಿ ಮುಚ್ಚದ ಬಾಯಿ ಒಂದೂ ಅವನಿಗೆ ಕಾಣಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದನ್ನು ಅವಕ್ಕೆ ಅವನೇ ಕಲಿಸಿ ಹೋಗಿದ್ದ. ಜಂಬಣ್ಣ ಹಲ್ಲುಕಿರಿದು, "ನೀವು ಹೋದಾಗಿಂದ ಹಿಂಗs ನೋಡ್ರಿ, ಮಗ್ಗಿ ಹೇಳಬೇಕಾದ್ರೂ ಕೈ ಅಡ್ಡ. ಅಂಜಿಕಿ ಅಂದ್ರ ಅಂಜಿಕಿ. ಛಲೋ ಆತು" ಎಂದರು. ಈಗ ಹೇಳು, ಈಗಲೇ, ಎಂದು ದಸ್ತಗೀರ್ ಅಂದುಕೊಂಡ. ವಿರೂಪಣ್ಣ ಗಡಿಯಾರ ನೋಡಿಕೊಂಡು, "ಭಾಷಣ ಆಮ್ಯಾಲೆ ಇರಲಿ, ಸಾಬ. ಮೊದಲು ಆರಿಸು. ಸಿರವಾರದಾಗ ನನಗ ಮಂದಿ ಕಾಯಾಕತ್ತಾರ" ಎಂದರು. ದಸ್ತಗೀರ್ ತನಗೆ ಆದ ನೆಮ್ಮದಿಗೆ ತಾನೇ ನಾಚಿದ. ಆರಿಸುವುದು ಮುಗಿಯಲಿ, ಆಮೇಲೆ ಹೇಳಿದರಾಯಿತು, ಓಡಿ ಎಲ್ಲಿ ಹೋಗುತ್ತದೆ ಮಾತು.

ಮಕ್ಕಳು ಸಾಲಾಗಿ ಬಂದವು. ಒಂದೊಂದೂ ಬಾಯಿ ತೆರೆಯುವ ಮೊದಲು ಹಿಂದೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತಿತ್ತು. ಕೆಲವಕ್ಕೆ ಒಸಡು ಕಿತ್ತುಹೋಗಿತ್ತು. ಇಟ್ಟಂಗಿ ಪುಡಿಯಲ್ಲಿ ತಿಕ್ಕಿದವು, ಮರಳಲ್ಲಿ ತಿಕ್ಕಿದವು. ಒಬ್ಬ ಹುಡುಗನ ಒಸಡಿನಿಂದ ದಸ್ತಗೀರನ ಬೆರಳಿಗೆ ರಕ್ತ ಹತ್ತಿತು. ಕಂದು ಪಟ್ಟಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ದಸ್ತಗೀರ್ ಪ್ರತಿಯೊಂದಕ್ಕೂ "ಛಲೋ ಅದ, ಹೋಗು" ಎನ್ನುತ್ತಿದ್ದ. ಕಡೆಗೆ ಹಿಂದಿನ ಸಾಲಿನಿಂದ ಆ ಹುಡುಗಿ ಬಂದಳು. ಬಂಡೆಮ್ಮ. ಅವಳೊಬ್ಬಳೇ ಬಾಯಿಗೆ ಕೈ ಅಡ್ಡ ಇಟ್ಟಿರಲಿಲ್ಲ. ಎದುರು ನಿಂತು, ಕೇಳುವ ಮೊದಲೇ ತುಟಿ ಬಿಚ್ಚಿದಳು. ಹಲ್ಲು ಬೆಳ್ಳಗಿದ್ದವು. ಮೊದಲಿಗೆ ಅವನಿಗೆ ಸಂತೋಷವಾಯಿತು, ನಿಜವಾಗಿ ಸಂತೋಷವಾಯಿತು, ಡಾಕ್ಟರು ಹೇಳಿದ್ದೇ ಸುಳ್ಳಾಗಿ ತಾನು ಹೇಳಿದ್ದೇ ಖರೆಯಾಯಿತೇ ಎಂದು. ಆಮೇಲೆ ಹೆಬ್ಬೆರಳು ತಾನಾಗಿಯೇ ಹಲ್ಲಿನ ಮೇಲೆ ಹೋಯಿತು. ನುಣುಪಿನ ಹೊಳಪು ಅಲ್ಲಿರಲಿಲ್ಲ. ಕಬ್ಬಿಣ ಹಾದುಹೋದ ಸಣ್ಣ ಸಣ್ಣ ಗೆರೆ. ಮುಟ್ಟಿದ ಕೂಡಲೇ ಹುಡುಗಿಯ ಇಡೀ ಮೈ ಜುಮ್ಮೆಂದು ಕುಗ್ಗಿತು, ಆದರೆ ಬಾಯಿ ಮುಚ್ಚಲಿಲ್ಲ.

"ಯಾರವ್ವಾ ಮಾಡಿದ್ದು?" ದಸ್ತಗೀರ್ ಪಿಸುಗುಟ್ಟಿದ.

"ಮುತ್ಯಾ. ಎತ್ತಿನ ಹಲ್ಲಿಗೆ ಹಾಕ್ತಾನಲ್ರಿ, ಆ ಅರ."

ಮಾಳಿಂಗಪ್ಪ ಸಿರವಾರದ ದನದ ಸಂತೆಯಲ್ಲಿ ದಲ್ಲಾಳಿ. ಎಲ್ಲ ಹಲ್ಲೂ ಬಂದು ಬಾಯಿಗೂಡಿದ ಮುದಿ ಎತ್ತನ್ನು ಆರು ಹಲ್ಲಿನ ಹೋರಿಯೆಂದು ದಾಟಿಸಬೇಕಾದರೆ ಹಲ್ಲಿಗೆ ಕಬ್ಬಿಣದ ಅರ ತಿಕ್ಕಿ ವಯಸ್ಸು ಮುಚ್ಚುವ ಕೈ ಅವನದು. ಆ ಕೆಲಸಕ್ಕೆ ಅವನನ್ನು ಗುಟ್ಟಾಗಿ ಬಯ್ಯುವವರೂ ಗುಟ್ಟಾಗಿ ಕರೆಯುವವರೂ ಒಬ್ಬರೇ. ಅದೇ ಅರದಿಂದ ಮೊಮ್ಮಗಳ ಹಲ್ಲನ್ನು ತಿಕ್ಕಿದ್ದ. ಆ ಮುದುಕ ಹುಡುಗಿಯ ತಲೆಯನ್ನು ತೊಡೆಯ ಸಂದಿನಲ್ಲಿ ಹಿಡಿದದ್ದು, ಅವಳು ಚೀರದಂತೆ ಬಾಯಿಯ ಮೂಲೆಗೆ ಬಟ್ಟೆ ಇಟ್ಟದ್ದು, ಎಲ್ಲ ದಸ್ತಗೀರನಿಗೆ ನೋಡಿದಂತೆಯೇ ಕಂಡಿತು.

"ನೋವಾಕ್ಕದೇನು?"

"ಇಲ್ರಿ." ನಾಲಿಗೆಯಿಂದ ಹಲ್ಲು ಸವರಿಕೊಂಡು, "ಗಾಳಿ ಹೊಕ್ರ ಆಕ್ಕದ. ನೀರು ಕುಡಿದ್ರ ಆಕ್ಕದ" ಎಂದಳು. ಆಮೇಲೆ ಅವನ ಕಿವಿಯ ಹತ್ತಿರ ಬಂದು, ಇಬ್ಬರಿಗೂ ಸೇರಿದ ಒಳ್ಳೆ ಸುದ್ದಿಯೆಂಬಂತೆ, "ಈಗ ನನಗ ಜಂಗು ಅನ್ನಂಗಿಲ್ರಿ ಯಾರೂ" ಎಂದಳು.

ಈಗ ಹೇಳಿದರೆ ಇವಳನ್ನು ಎರಡನೆಯ ಸಲ ಕಟ್ಟೆಗೆ ಹತ್ತಿಸಿದಂತೆ. ನೋಡ್ರಿ, ಇದು ಅರ ಹಾಕಿದ ಹಲ್ಲು, ಇದರ ಮೇಲಿನ ಪದರ ಹೋಗಿದೆ, ಇನ್ನು ಇದು ಕೊಳೆಯುತ್ತದೆ, ಎಂದು ಎಲ್ಲರೆದುರು ಅವಳ ತುಟಿ ಎತ್ತಬೇಕು. ಅಷ್ಟು ಕಟುಕ ನಾನಲ್ಲ ಎಂದುಕೊಂಡ. ಆ ವಿಚಾರಕ್ಕೆ ಕರುಣೆಯ ವಾಸನೆ ಇತ್ತು, ಆದರೆ ತಳದಲ್ಲಿ ಇದ್ದದ್ದು ಅಂಜಿಕೆಯೇ. ವಿರೂಪಣ್ಣನ ಅಂಜಿಕೆ, ಮಾಸ್ತರನ ಅಂಜಿಕೆ, ಹಿಂದೆ ನಿಂತ ಹಿರಿಯರು ಮತ್ತೊಮ್ಮೆ ನಕ್ಕಾರೆಂಬ ಅಂಜಿಕೆ. ಅದು ಅವನಿಗೂ ಗೊತ್ತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ವಿರೂಪಣ್ಣ ಎದ್ದು ಬಂದು ಬಗ್ಗಿ ನೋಡಿ ಚಪ್ಪಾಳೆ ತಟ್ಟಿದರು.

"ಇವು ನೋಡ್ರಪಾ ಹಲ್ಲು! ಮುತ್ತು ಪೋಣಿಸಿದಂಗ ಅದಾವ. ಇನ್ನೇನು ಆರಿಸ್ತಿ ಸಾಬ, ಇಕಿನs ಅಲ್ಲೇನು?"

ದಸ್ತಗೀರ್ ಬಾಯಿ ತೆರೆದ. "ಹೌದ್ರಿ" ಎಂದ.

ಫೋಟೋ ಆಗಬೇಕಿತ್ತು. ವಿರೂಪಣ್ಣ ತಂದಿದ್ದ ಕ್ಯಾಮೆರಾವನ್ನು ಡ್ರೈವರ್ ಲಾಲ್ ಸಾಬ್ ಹಿಡಿದ. ಖಾಲಿ ಚರಗಿ ಕೈಯಲ್ಲಿ ಹಿಡಿದರೆ ಚಂದ ಕಾಣುವುದಿಲ್ಲವೆಂದು ವಿರೂಪಣ್ಣನಿಗೆ ಹೊಳೆಯಿತು. ಬೋರಿಂಗಿನ ಹತ್ತಿರ ಕರೆದೊಯ್ದು ಮಾಸ್ತರಿಂದ ಪಂಪು ಹೊಡೆಸಿ ಚರಗಿ ತುಂಬಿಸಿದರು. "ಕುಡಿ ಮಗಳ, ಕುಡಿ. ನಕ್ಕೋಂತ ಕುಡಿ." ಎಷ್ಟೋ ಆಳದಿಂದ ಬಂದ ನೀರು, ಚರಗಿಯ ಹೊರಮೈ ಕೂಡಲೇ ಬೆವರಿತು. ಬಂಡೆಮ್ಮ ಒಮ್ಮೆ ದಸ್ತಗೀರನ ಕಡೆ ನೋಡಿದಳು. ಬ್ಯಾಡ ಎನ್ನುವುದು ಎರಡೇ ಅಕ್ಷರ. ಅವಳು ಚರಗಿ ಎತ್ತಿ ಕುಡಿದಳು. ಕುತ್ತಿಗೆಯ ನರ ಹಗ್ಗದಂತೆ ಬಿಗಿಯಿತು, ಕಾಲ ಬೆರಳು ಮಣ್ಣನ್ನು ಕಚ್ಚಿ ಹಿಡಿದವು, ಕಣ್ಣಿಂದ ನೀರು ದಳದಳ ಇಳಿಯಿತು. ಚರಗಿ ಕೆಳಗಿಟ್ಟು, ಹೇಳಿದಂತೆ ನಕ್ಕಳು. "ಸಂತೋಷಕ್ಕ ಕಣ್ಣಾಗ ನೀರು ಬಂದಾವ ಕೂಸಿಗೆ" ಎಂದು ವಿರೂಪಣ್ಣ ತಮ್ಮ ಕಣ್ಣನ್ನೂ ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಅವರಿಗೆ ನಿಜವಾಗಿ ಕರುಳು ಚುರುಕ್ಕೆಂದಿತ್ತು. ಆ ಒಳ್ಳೆಯತನದಲ್ಲೇ ದಸ್ತಗೀರನ ಭುಜ ಹಿಡಿದು ಮುಂದೆ ತಂದರು: "ಈಗ ಹೇಳು ಸಾಬ, ಈ ಹುಡುಗಿ ಹಲ್ಲು ಹೆಂಗ ಹಿಂಗಾದುವು ಅಂತ ಎಲ್ಲಾ ಹುಡುಗ್ರಿಗೂ ಹೇಳು."

ಮಕ್ಕಳು ನೋಡುತ್ತಿದ್ದವು. ಅಂಗೈ ಇನ್ನೂ ಬಾಯಿಯ ಮೇಲೆಯೇ ಇತ್ತು, ಅದರ ಮೇಲಿಂದ ಕಣ್ಣು ಮಾತ್ರ. ಅವಕ್ಕೆಲ್ಲ ಅರದ ವಿಷಯ ಗೊತ್ತಿದೆಯೆಂದು ಅವನಿಗೆ ಆಗ ಹೊಳೆಯಿತು. ದೊಡ್ಡಿಯೆಂದರೆ ಎಷ್ಟು ದೊಡ್ಡದು, ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಗೆ ಸೀನು ತರಿಸುತ್ತದೆ. ಅವು ಕಾಯುತ್ತಿದ್ದುದು ಅವನ ಮಾತಿಗೆ, ಅವನು ಒಪ್ಪುತ್ತಾನೋ ಇಲ್ಲವೋ ಎಂಬುದಕ್ಕೆ. ಬೆಳಗಿನಿಂದ ಬಾಯಿಯಲ್ಲಿ ಹೊತ್ತು ತಂದಿದ್ದ ಮಾತನ್ನು ಹುಡುಕಿದ. ಅದು ಅಲ್ಲೇ ಇತ್ತು. ಅದನ್ನು ಬಿಟ್ಟು ಅದರ ಪಕ್ಕದಲ್ಲಿದ್ದದ್ದು ಹೊರಗೆ ಬಂತು.

"ಬಂಡೆಮ್ಮ ದಿನಾ ಎರಡು ಹೊತ್ತು ಬ್ರಷ್ಷು ಹಚ್ಚಿದ್ಲು. ಅದಕ್ಕs ಹಿಂಗಾದುವು. ನೀವೂ ಇಕಿಯಂಗ ಆಗ್ರಿ."

ಮಾಸ್ತರ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು. ದಸ್ತಗೀರನಿಗೆ ರೊಟ್ಟಿಯ ಪ್ರತಿ ತುತ್ತಿನಲ್ಲೂ ಮರಳು ಸಿಕ್ಕಂತಾಯಿತು. ತಿನ್ನುತ್ತ ತಿನ್ನುತ್ತ ಲೆಕ್ಕ ಹಾಕಿದ: ಡಾಕ್ಟರಿಗೆ ಹೇಳುವುದು, ಹುಡುಗಿಯನ್ನು ರಾಯಚೂರಿಗೆ ಕರೆಸುವುದು, ಮುಂದಿನ ಸಲ ಬಂದಾಗ ಮಾಳಿಂಗಪ್ಪನನ್ನು ಒಂದು ಕಡೆ ಕರೆದು ಮೆಲ್ಲಗೆ ತಿಳಿಸುವುದು. ಮುಂದಿನ ಸಲ ಎಂಬುದು ದೊಡ್ಡ ಔಷಧ, ಅದರಿಂದ ವಾಸಿಯಾಗದ ರೋಗವಿಲ್ಲ. ವಿರೂಪಣ್ಣ ತೇಗಿ, ಈ ದೊಡ್ಡಿಗೆ ವರ್ಷ ವರ್ಷ ಚರಗಿ ಕೊಡುವುದಾಗಿ ಮಾಸ್ತರಿಗೆ ಮಾತು ಕೊಟ್ಟರು.

ವ್ಯಾನು ದೊಡ್ಡಿಯೊಳಗಿಂದ ಹಾದುಹೋಗಬೇಕಿತ್ತು. ಮಾಳಿಂಗಪ್ಪನ ಮನೆಯ ಮುಂದೆ ಗುಂಪು ಕಂಡು ಲಾಲ್ ಸಾಬ್ ವೇಗ ಇಳಿಸಿದ. ಕಟ್ಟೆಯ ಮೇಲೆ ಮುದುಕ ಕೂತಿದ್ದ, ಅವನ ಮಡಿಲಲ್ಲಿ ಯಾವುದೋ ಮಗುವಿನ ತಲೆ. ಕೆಳಗೆ ಮಕ್ಕಳು ಸಾಲಾಗಿ ಕೂತಿದ್ದವು, ಬೆಳಿಗ್ಗೆ ಶಾಲೆಯ ಮುಂದೆ ಕೂತ ಅದೇ ಮಕ್ಕಳು. ಒಂದೊಂದರ ಪಕ್ಕಕ್ಕೂ ತಾಯಂದಿರು. ಬಂಡೆಮ್ಮ ಹೊಸ ಚರಗಿಯಿಂದ ಮಕ್ಕಳಿಗೆ ಬಾಯಿ ಮುಕ್ಕಳಿಸಲು ನೀರು ಹಾಕುತ್ತಿದ್ದಳು. ದಸ್ತಗೀರ್ "ನಿಂದರಸು" ಎಂದು ಚೀರಿದ. ವ್ಯಾನು ನಿಲ್ಲುವ ಮೊದಲೇ ಇಳಿದು ಓಡಿದ, ಓಡುವಾಗ ಕೋಟಿನ ತುದಿ ಜಾಲಿಯ ಬೇಲಿಗೆ ಸಿಕ್ಕಿ ಪರ್ರನೆ ಹರಿಯಿತು.

"ಬ್ಯಾಡ! ಬಿಡು ಮಾಳಿಂಗಪ್ಪ, ಬಿಡು! ಹಲ್ಲು ಸಾಯ್ತಾವ ಇದರಿಂದ. ಉಜ್ಜಲಾರದ್ದಕ್ಕ ಆಗಿದ್ದಲ್ಲ ಅದು, ನೀರಿಂದ ಆಗಿದ್ದು. ಬೋರಿಂಗಿನ ನೀರಿಂದ. ಮಕ್ಕಳ ತಪ್ಪಲ್ಲ. ನಾನು ಹೋದ ಸಲ ಹೇಳಿದ್ದು ಸುಳ್ಳು. ಇವತ್ತು ಹೇಳಿದ್ದೂ ಸುಳ್ಳು."

ಅಂತೂ ಹೇಳಿದ. ಮಾಳಿಂಗಪ್ಪ ಅರವನ್ನು ಗಾಳಿಯಲ್ಲೇ ನಿಲ್ಲಿಸಿ, ಪ್ರೀತಿಯಿಂದ ನಕ್ಕ. "ಕುಂದರ್ರಿ ಸಾಬರ, ಯಾಕ ಹಿಂಗ ತೇಕಾಕತ್ತೀರಿ. ನಮಗ ತಿಳೀತದ್ರಿ. ಸರಕಾರದ ಮಂದಿ ನೀವು. ಅರ ಹಾಕ್ರಿ ಅಂತ ಬಾಯಿಬಿಟ್ಟು ಹೇಳಾಕ ಬರಂಗಿಲ್ಲ. ಅದಕ್ಕs ಬ್ರಷ್ಷು ಅಂದ್ರಿ. ಅಕಿ ಬ್ರಷ್ಷು ಮುಟ್ಟಿಲ್ಲ ಅನ್ನೂದು ಊರಿಗೆಲ್ಲಾ ಗೊತ್ತದ. ನೀವು ಬಾಯಾಗ ಬೆರಳು ಇಟ್ಟು ನೋಡಿ, ಗುರುತು ಹಿಡಿದು, ಚರಗಿ ಕೊಡಿಸಿದ್ರಲ್ಲ, ಅಷ್ಟು ಸಾಕು ನಮಗ. ನಿಮ್ಮ ಉಪಕಾರ ಮರೆಯಂಗಿಲ್ಲ."

"ಖರೇನ ಹೇಳಾಕತ್ತೀನಿ, ಯಪ್ಪಾ. ಅಲ್ಲಾನ ಆಣಿ. ನೀರಿಂದ ಅದು."

ಮಗುವಿನ ಕಾಲು ಹಿಡಿದು ಕೂತಿದ್ದ ಹೆಂಗಸು, ಕರೆಮ್ಮ, ತಲೆ ಎತ್ತಿದಳು. ಸಿಟ್ಟಿರಲಿಲ್ಲ ಅವಳಿಗೆ. ಗಂಡಸರು ಕೆಲಸದ ಹೊತ್ತಿನಲ್ಲಿ ಬಂದು ಮಾತು ಬೆಳೆಸಿದರೆ ಹೆಂಗಸರಿಗೆ ಬರುವ ಬೇಸರ ಮಾತ್ರ ಇತ್ತು. "ನೀರಿಂದ್ರಿ? ಅದೇ ನೀರು ನಿಮ್ಮ ಮುಂದನ ಚರಗಿ ತುಂಬಾ ಕುಡದ್ಲಲ್ರಿ ಅಕಿ. ನೀವs ಕುಡಿಸಿದ್ರಿ. ಅಕಿ ಹಲ್ಲು ಬೆಳ್ಳಗs ಅದಾವಲ್ಲ?"

ಅವನಿಗೆ ಉತ್ತರ ಗೊತ್ತಿತ್ತು. ಹುಟ್ಟಿದಾಗಿನಿಂದ ಕುಡಿದದ್ದು, ಒಳಗೆ ಇಳಿದದ್ದು, ಮೇಲಿನ ಪದರ, ಕೆಳಗಿನ ಪದರ. ಡಾಕ್ಟರು ಹೇಳಿದ್ದೆಲ್ಲ ನೆನಪಿತ್ತು. ಹೇಳುತ್ತ ಹೋದ. ಹೇಳುತ್ತಿರುವಾಗಲೇ ತನ್ನ ದನಿ ತನಗೇ ಸುಳ್ಳುಗಾರನ ದನಿಯಂತೆ ಕೇಳಿಸಿತು, ಯಾಕೆಂದರೆ ಬೆಳಿಗ್ಗೆ ಸುಳ್ಳು ಹೇಳಿದ್ದೂ ಇದೇ ದನಿಯಲ್ಲಿ, ಇದೇ ಭರವಸೆಯಲ್ಲಿ. ಕೂತ ಮಕ್ಕಳು ಅವನನ್ನು ನೋಡಲಿಲ್ಲ, ಬಂಡೆಮ್ಮನ ಬಾಯಿಯನ್ನೇ ನೋಡುತ್ತಿದ್ದವು. ಮಡಿಲಲ್ಲಿದ್ದ ಮಗು, ಆರೇಳು ವರ್ಷದ ಹೆಣ್ಣು, ಕಣ್ಣು ಗಟ್ಟಿ ಮುಚ್ಚಿಕೊಂಡು ತಾನಾಗಿಯೇ ಬಾಯಿ ಅಗಲಿಸಿತು. ಅತ್ತ ವ್ಯಾನಿನಿಂದ ವಿರೂಪಣ್ಣ ಹಾರ್ನು ಹೊಡೆಸಿದರು.

ದಸ್ತಗೀರ್ ಮುದುಕನ ಎದುರಿಗೆ, ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದ. ಅವನ ನೆರಳು ಮಗುವಿನ ಮುಖದ ಮೇಲೆ ಬಿದ್ದಿತ್ತು.

"ತಟಕು ಆ ಕಡಿ ಸರೀರಿ, ಸಾಬರ," ಎಂದಳು ಕರೆಮ್ಮ. "ಬೆಳಕಿಗೆ ಅಡ್ಡ ನಿಂತೀರಿ. ಮುತ್ಯಾಗ ಕಾಣವಲ್ದು."

ದಸ್ತಗೀರ್ ಸರಿದು ನಿಂತ.